ಹಳದಿ ಚುಕ್ಕೆ ಕೆಳಗಿದ್ದ ಕನ್ನಡಕ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವುದಕ್ಕೆ ಬೇರೆಯವರಿದ್ದಾರೆ, ಅದಕ್ಕೆಂದೇ ಓದಿಕೊಂಡವರಿದ್ದಾರೆ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಹಗಲಿನ ಕೆಲಸ ಮುಗಿಸಿ, ಅರ್ಧ ಪಾಠ ತೂಕಡಿಸುತ್ತಾ. ಬೆಳಕು ಮತ್ತು ಕಣ್ಣಿನ ಬಗ್ಗೆ ಮೇಷ್ಟ್ರು ಹೇಳಿದ ದಿನ ನಾನು ಎಚ್ಚರವಾಗಿದ್ದೆನೋ ಇಲ್ಲವೋ ಈಗಲೂ ಖಚಿತವಿಲ್ಲ. ಹಾಗಾಗಿ ಇಲ್ಲಿ ಎಲ್ಲಾದರೂ ತಪ್ಪು ಬಂದಿದ್ದರೆ ಅದು ನನ್ನದು. ಸರಿ ಬಂದಿದ್ದರೆ ಅದು ಬಹುಶಃ ಅತ್ತಿಗೆಯದು.

ನನ್ನ ಕೆಲಸ ಹಡಗುಕಟ್ಟೆಯಲ್ಲಿ. ಆಚೆ ದಡಕ್ಕೆ ಹೋಗುವವರ ಚೀಲ, ಪೆಟ್ಟಿಗೆಗಳು ಓಡುವ ಪಟ್ಟಿಯ ಮೇಲೆ ಮಲಗಿ ಎಕ್ಸ್-ರೇ ಯಂತ್ರದ ಹೊಟ್ಟೆಯೊಳಗೆ ಹೋಗಿ ಆ ಕಡೆಯಿಂದ ಹೊರಗೆ ಬರುತ್ತವೆ. ನಾನು ಪರದೆಯ ಮುಂದೆ ಕೂತು ಒಳಗೇನಿದೆ ಎಂದು ನೋಡುತ್ತೇನೆ. ಚಾಕು, ಕತ್ತರಿ, ಗ್ಯಾಸಿನ ಡಬ್ಬಿ ಇಂಥದ್ದು ಕಂಡರೆ ಮೈಕಿನಲ್ಲಿ ಹೇಳುತ್ತೇನೆ. ಆ ತುದಿಯಲ್ಲಿ ತಪಾಸಣೆ ಮೇಜಿನ ಹಿಂದೆ ನಿಂತಿರುವ ನನ್ನ ಅತ್ತಿಗೆ, ಅಂದರೆ ಸ್ವಂತ ಅಣ್ಣನ ಹೆಂಡತಿಯೇ, ಚೀಲ ಬಿಚ್ಚಿ ಅದನ್ನು ಹೊರಗೆ ತೆಗೆಯುತ್ತಾರೆ. ಒಂದೇ ಮನೆಯಲ್ಲಿ ಇರುವವರನ್ನು ಒಂದೇ ಸಾಲಿನಲ್ಲಿ ಹಾಕಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಆ ಕುರ್ಚಿಗೆ ಬರುವ ಮೊದಲು ನಾನು ಟ್ರಾಲಿ ಶೆಡ್ಡಿನಲ್ಲಿದ್ದೆ. ಜನ ಎಲ್ಲೆಂದರಲ್ಲಿ ಬಿಟ್ಟುಹೋದ ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿ ರೈಲಿನ ಹಾಗೆ ತಳ್ಳಿಕೊಂಡು ಬರುವ ಕೆಲಸ. ಸಂಜೆ ತರಗತಿಯ ಸರ್ಟಿಫಿಕೇಟು ಸಿಕ್ಕಿದ ಮೇಲೆ ಪರದೆಯ ಮುಂದೆ ಕೂರಿಸಿದರು. ಅಮ್ಮ ಅಕ್ಕಪಕ್ಕದವರಿಗೆಲ್ಲ, "ನನ್ನ ಮಗನ ಮುಂದೆ ಯಾವ ಪೆಟ್ಟಿಗೆಯ ಆಟವೂ ನಡೆಯಲ್ಲ" ಎಂದು ಹೇಳಿಕೊಂಡು ಬಂದಳು. ಅಂದಿನಿಂದ ನೆರೆಮನೆಯವರು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಕೈಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಳ್ಳುತ್ತಾರೆ. ಕೆಲಸದ ಜಾಗದಲ್ಲಿ ಮಾತ್ರ ನನಗೆ 'ಡೌಟಣ್ಣ' ಎಂದೇ ಹೆಸರು. ಬಾಚಣಿಗೆ ಕಂಡರೂ ಎರಡು ಸಲ ನೋಡುವವನು ನಾನು.

ಹೊಸ ಯಂತ್ರ ಬಂದ ದಿನ ಕಂಪನಿಯ ಇಂಜಿನಿಯರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ.

"ಇಷ್ಟು ದಿನ ನೀವು ನೋಡ್ತಿದ್ದದ್ದು ಇಸ್ತ್ರಿ ಹಾಕಿದ ಚಿತ್ರ," ಅಂದ. "ಎಲ್ಲ ಚಪ್ಪಟೆ. ಸೋಪಿನ ಡಬ್ಬಿ ಮೇಲಿದೆಯೋ ಚಾಕು ಮೇಲಿದೆಯೋ ಗೊತ್ತಾಗಲ್ಲ, ಎಲ್ಲ ಒಂದರ ಮೇಲೊಂದು ನೆರಳು. ಇನ್ಮೇಲೆ ಆಳ ಕಾಣುತ್ತೆ. ಎಲ್ಲರೂ ಒಂದು ಬೆರಳು ಮುಖದ ಮುಂದೆ ಹಿಡೀರಿ. ಒಂದು ಕಣ್ಣು ಮುಚ್ಚಿ. ಈಗ ಇನ್ನೊಂದು ಮುಚ್ಚಿ. ಬೆರಳು ಹಾರ್ತಾ?"

ನಾವೆಲ್ಲ ಬೆರಳೆತ್ತಿ ಎಡಗಣ್ಣು ಬಲಗಣ್ಣು ಮಿಟುಕಿಸುತ್ತಾ ನಿಂತೆವು. ಪಕ್ಕದ ಸಾಲಿನ ಪರದೆ ನೋಡುವವನು ಬಹಳ ಉದ್ದ, ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಅವನ ಕಣ್ಣಿನ ನೇರಕ್ಕೆ ನಿಂತಿದ್ದ ಒಬ್ಬ ಪ್ರಯಾಣಿಕ ಹೆಂಗಸು ತಮ್ಮ ಪೆಟ್ಟಿಗೆ ಎತ್ತಿಕೊಂಡು ಮೂರನೆಯ ಸಾಲಿಗೆ ಹೋದರು.

ವಿಷಯ ಇಷ್ಟೆ. ಎರಡು ಕಣ್ಣು ಎರಡು ಕಡೆಯಿಂದ ನೋಡುತ್ತವೆ, ಆ ವ್ಯತ್ಯಾಸದಿಂದಲೇ ಯಾವುದು ಹತ್ತಿರ ಯಾವುದು ದೂರ ಎಂದು ತಿಳಿಯುತ್ತದೆ. ಹೊಸ ಯಂತ್ರವೂ ಚೀಲವನ್ನು ಮೇಲಿನಿಂದ ಎರಡು ಜಾಗದಿಂದ ನೋಡಿ ಎರಡು ಚಿತ್ರ ತೆಗೆಯುತ್ತದೆ. ಒಂದು ಚಿತ್ರ ಎಡಗಣ್ಣಿಗೆ, ಇನ್ನೊಂದು ಬಲಗಣ್ಣಿಗೆ. ಅವನ್ನು ಬೇರ್ಪಡಿಸುವುದಕ್ಕೆ ಒಂದು ಕಪ್ಪು ಕನ್ನಡಕ. ಕನ್ನಡಕದ ಚೌಕಟ್ಟಿನ ಬಲಗಡೆ, ಮೇಲಿನ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ. "ಚುಕ್ಕೆ ಯಾವಾಗಲೂ ಮೇಲಿರಲಿ," ಎಂದು ಇಂಜಿನಿಯರು ಹೇಳಿದ.

ಹಾಕಿಕೊಂಡೆವು. ಸುಳ್ಳಲ್ಲ, ಬೆರಗಾಗಿ ಹೋಯಿತು. ಪರದೆಯೊಳಗೆ ಒಂದು ಗಾಜಿನ ಬಾವಿ ತೆರೆದ ಹಾಗೆ. ಒಂದು ಚಪ್ಪಲಿ ನನ್ನ ಮೂಗಿನ ಹತ್ತಿರ ತೇಲುತ್ತಿತ್ತು, ಅದರ ಕೆಳಗೆ ಗಡಿಯಾರ, ಇನ್ನೂ ಆಳದಲ್ಲಿ ಬೀಗದ ಕೈಗೊಂಚಲು. ನಮ್ಮ ಸಾಹೇಬರು, ಅಂದರೆ ಮೇಲ್ವಿಚಾರಕರು, ಚಪ್ಪಲಿಯನ್ನು ಹಿಡಿಯಲು ಗಾಳಿಯಲ್ಲಿ ಕೈ ಆಡಿಸಿ ನನ್ನ ಟೀ ಕಪ್ಪನ್ನು ಉರುಳಿಸಿದರು.

"ಅದ್ಭುತ! ಈ ಯಂತ್ರ ತರಿಸಿ ಅಂತ ಮೇಲಿನ ಕಚೇರಿಗೆ ಬರೆದದ್ದೇ ನಾನು," ಅಂದರು.

ಒಂದು ತಿಂಗಳು ಪ್ರಯೋಗ. ಪರದೆ ನೋಡುವವನು ವಸ್ತು ಕಂಡೊಡನೆ ಅದು ಚೀಲದಲ್ಲಿ ಮೇಲಿದೆಯೋ, ನಡುವೆ ಇದೆಯೋ, ಅಡಿಯಲ್ಲಿದೆಯೋ ಹೇಳಬೇಕು. ಮೇಜಿನ ಹತ್ತಿರ ಇರುವವರು ಚೀಲವನ್ನು ಮಗುಚದೆ, ಇದ್ದ ಹಾಗೆಯೇ ಬಿಚ್ಚಿ ನೋಡಿ, ಸರಿಯಿದ್ದರೆ ಹಸಿರು ಗುಂಡಿ ಒತ್ತಬೇಕು, ತಪ್ಪಿದ್ದರೆ ಕೆಂಪು. ಹಸಿರು ಒತ್ತಿದರೆ ಟಿಂಗ್ ಎನ್ನುತ್ತದೆ. ಕೆಂಪು ಒತ್ತಿದರೆ ಎಮ್ಮೆಯ ಬಾಲ ತುಳಿದ ಹಾಗೆ ಕೂಗುತ್ತದೆ. ಇಡೀ ಹಾಲಿನ ಜನ ತಿರುಗಿ ನೋಡುತ್ತಾರೆ, ಸಾಹೇಬರು ಕೋಣೆಯಿಂದ ಹೊರಗೆ ಬರುತ್ತಾರೆ. ತಿಂಗಳ ಕೊನೆಗೆ ಯಾರ ಅಂಕ ಅರ್ಧಕ್ಕಿಂತ ಕಡಿಮೆಯೋ ಅವರಿಗೆ ಮೇಲಿನ ಕಚೇರಿಯಿಂದ ಬಂದು ಪರೀಕ್ಷೆ. ಅದರಲ್ಲೂ ಸೋತರೆ ಟ್ರಾಲಿ ಶೆಡ್ಡು.

ಮೊದಲ ದಿನ, ಮೊದಲ ಚೀಲ. ಒಂದು ಕತ್ತರಿ ಸ್ಪಷ್ಟವಾಗಿ ಬಾವಿಯ ತಳದಲ್ಲಿ ಬಿದ್ದಿತ್ತು. ಎರಡು ಸಲ ನೋಡಿ, "ಕತ್ತರಿ, ಅಡಿಯಲ್ಲಿ," ಎಂದೆ.

ಅತ್ತಿಗೆ ಜಿಪ್ಪು ಎಳೆದರು. ಬಟ್ಟೆಯನ್ನೆಲ್ಲ ಎತ್ತಿ ತಳ ತಡಕಿದರು. ಆಮೇಲೆ ಎತ್ತಿಟ್ಟ ಬಟ್ಟೆಯ ಮೇಲ್ಗಡೆಯಿಂದಲೇ ಕತ್ತರಿಯನ್ನು ತೆಗೆದು ನನ್ನ ಕಡೆ ಆಡಿಸಿ ತೋರಿಸಿದರು. ಎಮ್ಮೆ ಕೂಗಿತು.

ಎರಡನೆಯ ಚೀಲ. "ಚಾಕು, ಮೇಲೆ." ಚಾಕು ಅಡಿಯಲ್ಲಿತ್ತು. ಎಮ್ಮೆ. ಮೂರನೆಯದು, "ಲೈಟರ್, ನಡುವೆ." ಟಿಂಗ್. ನನಗೆ ಹೋದ ಜೀವ ಬಂತು. ಮತ್ತೆ ನಾಲ್ಕನೆಯದಕ್ಕೆ ಎಮ್ಮೆ. ಮಧ್ಯಾಹ್ನದ ಹೊತ್ತಿಗೆ ಜನ ನಮ್ಮ ಸಾಲು ಬಿಟ್ಟು ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದರು, ಅಲ್ಲಿ ಏನೋ ಆಗಿದೆ ಎಂದು.

ಏಣಿಯ ಸಾಲಿನಲ್ಲಿ ಟಿಂಗ್, ಟಿಂಗ್, ಟಿಂಗ್. ಮೂರನೆಯ ಸಾಲಿನಲ್ಲೂ ಅಷ್ಟೆ. ಕೆಳಗೆ ಬಿದ್ದ ನಾಣ್ಯದ ಹಾಗೆ ಇಡೀ ದಿನ ಟಿಂಗ್. ಅಂದರೆ ಯಂತ್ರ ಸರಿಯಾಗಿದೆ, ನನ್ನ ಕಣ್ಣೇ ಕೆಟ್ಟಿದೆ. ಬೇರೆ ಏನು ತಿಳಿಯಬೇಕು ನಾನು?

ಮನೆಗೆ ಬಂದು ಕೂತ ತಕ್ಷಣ ಅತ್ತಿಗೆಯನ್ನು ಕೇಳಿದೆ. "ಅತ್ತಿಗೆ, ಒಂದೆರಡಕ್ಕಾದರೂ ಹಸಿರು ಒತ್ತಬಹುದಿತ್ತಲ್ಲ?"

"ನನ್ನ ಮೈದುನ ಅಂತ ಸುಳ್ಳು ಒತ್ತಲಾ?" ಅಂದರು ಅತ್ತಿಗೆ ಕಾಲು ನೀವಿಕೊಳ್ಳುತ್ತಾ. "ನಾಳೆ ಯಾರಾದರೂ, ಇವಳು ಮನೆಯವನಿಗೆ ಮಾತ್ರ ಒತ್ತುತ್ತಾಳೆ ಅಂದರೆ?"

"ಬೇರೆಯವರಿಗೆಲ್ಲ ಟಿಂಗ್ ಟಿಂಗ್ ಅಂತಿದೆ."

"ಅವರ ಮೇಜಿನವರು ತಲೆನೋವು ಅಂತ ಹಸಿರು ಒತ್ತುತ್ತಾರೆ ಕಣೋ. ಆ ಎಮ್ಮೆ ಕೂಗು ಯಾರಿಗೆ ಬೇಕು? ಏಣಿ ಬಾಯಿ ತೆರೆಯೋಕೆ ಮೊದಲೇ ಅವನ ಮೇಜಿನವಳು ಒತ್ತಿರ್ತಾಳೆ."

"ಹಾಗಾದರೆ ಅವರೂ ತಪ್ಪು ಹೇಳ್ತಿರಬಹುದಾ?"

"ಯಾರಿಗೆ ಗೊತ್ತು? ನಾನು ನೋಡೋದು ನಿನ್ನ ಚೀಲ. ಅದರಲ್ಲಿ ನೀನು ತಪ್ಪು."

ಅಮ್ಮನಿಗೆ ವಿಷಯ ತಿಳಿದು ಮನೆಯೆಲ್ಲ ಕಣ್ಣಿನ ಆಸ್ಪತ್ರೆಯಾಯಿತು. ಅಣ್ಣ ದರ್ಜಿ, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಸೂಜಿ ಕೊಟ್ಟು, "ದಾರ ಪೋಣಿಸು," ಅಂದ. ಪೋಣಿಸಿದೆ. "ಇನ್ನೂ ಸಣ್ಣದು," ಅಂದ. ಅದನ್ನೂ ಪೋಣಿಸಿದೆ. ಅಮ್ಮ ಎದುರು ಕೂತು, "ನನ್ನ ಮೂಗು ಮುಟ್ಟು" ಎಂದಳು. ಗಾಬರಿಯಲ್ಲಿ ಕಣ್ಣಿಗೆ ಬೆರಳು ಹಾಕಿದೆ. "ಅಯ್ಯೋ, ಕಣ್ಣು ಹೋಗಿದೆ!" ಎಂದು ಅಮ್ಮ ಕೂಗಿದಳು. ಹೋದದ್ದು ಯಾರದು ಎಂದು ನಾವು ಕೇಳಲಿಲ್ಲ.

"ಅಲ್ಲಪ್ಪ," ಅಂದ ಅಣ್ಣ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಮೇಲೆ ಕಂಡರೆ ಅಡಿಯಲ್ಲಿ ಅನ್ನು, ಅಡಿಯಲ್ಲಿ ಕಂಡರೆ ಮೇಲೆ ಅನ್ನು. ಮುಗಿದುಹೋಯ್ತು."

"ಅದು ಹೇಗಾಗುತ್ತೆ? ಕಂಡದ್ದನ್ನು ಹೇಳೋಕೆ ಸಂಬಳ ಕೊಡೋದು. ನಾನು ಕಾಣದೇ ಇರೋದನ್ನ ಹೇಳಿದರೆ, ನಾಳೆ ನಿಜವಾಗಿ ಅಪಾಯದ್ದು ಬಂದಾಗ?"

"ಇವನಿಗೆ ನಿಯತ್ತಿನ ಕಾಯಿಲೆ," ಎಂದು ಅಣ್ಣ ಹೊಲಿಗೆ ಯಂತ್ರ ತುಳಿಯತೊಡಗಿದ.

ನಿಯತ್ತು ಅಷ್ಟೇನೂ ಗಟ್ಟಿಯಿರಲಿಲ್ಲ. ಮರುವಾರ ನಾನು ಕಂಡದ್ದಕ್ಕೆಲ್ಲ ಸ್ವಲ್ಪ ಹೆದರಿಕೆಯಿಂದ "ನಡುವೆ" ಎನ್ನಲು ಶುರುಮಾಡಿದೆ. ನಡುವೆ ಎಂದಾಗ ಮಾತ್ರ ಆಗೀಗ ಟಿಂಗ್ ಬರುತ್ತಿತ್ತು. ಅತ್ತಿಗೆ ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಮೈಕು ಬೇಡವೆಂದು ನೇರವಾಗಿ ಕೂಗಿದರು.

"ಏನೋ, ಊರಿನ ಚಾಕು ಕತ್ತರಿಯೆಲ್ಲ ಮಾತಾಡಿಕೊಂಡು ನಡುವೆ ಹೋಗಿ ಕೂತಿವೆಯಾ? ಕಂಡದ್ದು ಹೇಳು!"

ಸಾಲಿನಲ್ಲಿದ್ದ ಜನ ನಕ್ಕರು. ನಾನು ಮತ್ತೆ ಕಂಡದ್ದನ್ನೇ ಹೇಳತೊಡಗಿದೆ. ಎಮ್ಮೆ ಕೂಗತೊಡಗಿತು.

ವಿಚಿತ್ರವೆಂದರೆ, ಚೀಲದಿಂದ ವಸ್ತು ತೆಗೆಯುವುದರಲ್ಲಿ ಇಡೀ ಕಟ್ಟೆಯಲ್ಲಿ ಅತ್ತಿಗೆಯೇ ಎಲ್ಲರಿಗಿಂತ ಚುರುಕಾಗಿಬಿಟ್ಟಿದ್ದರು. ಒಂದೇ ಸಲ ಕೈ ಹಾಕುವುದು, ತೆಗೆಯುವುದು, ಕೆಂಪು ಒತ್ತುವುದು. ಏಣಿಯ ಮೇಜಿನಲ್ಲಿ ಟಿಂಗ್ ಆದ ಮೇಲೂ ಹುಡುಕುತ್ತಲೇ ಇರುತ್ತಿದ್ದರು. ಸಾಹೇಬರು ಒಂದು ದಿನ ಎಲ್ಲರೆದುರು ಅತ್ತಿಗೆಯ ಕೈಚಳಕ ಹೊಗಳಿದರು. ಊಟದ ಹೊತ್ತಿನಲ್ಲಿ ಗುಟ್ಟೇನೆಂದು ನಾನು ಕೇಳಿದೆ.

"ಗುಟ್ಟೇನು ಬಂತು? ನೀನು ಅಡಿಯಲ್ಲಿ ಅಂದರೆ ನಾನು ಮೇಲೆ ಕೈ ಹಾಕ್ತೀನಿ. ಮೇಲೆ ಅಂದರೆ ಅಡಿಗೆ ಹಾಕ್ತೀನಿ. ಒಂದು ದಿನವೂ ತಪ್ಪಿಲ್ಲ."

ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. "ಹಾಗಾದರೆ ನಾನು ಹೇಳೋದಾದರೂ ಯಾಕೆ?"

"ನೀನು ಹೇಳದಿದ್ದರೆ ನಾನು ಯಾವುದನ್ನ ಉಲ್ಟಾ ಮಾಡಲಿ?" ಅಂದರು ಅತ್ತಿಗೆ, ನನ್ನ ಡಬ್ಬಿಯಿಂದ ಒಂದು ತುತ್ತು ತೆಗೆದುಕೊಳ್ಳುತ್ತಾ. "ಅದೂ ಒಂದು ಕೆಲಸಾನೇ ಬಿಡು. ಯಾವಾಗಲೂ ತಪ್ಪೇ ಹೇಳೋದು ಎಲ್ಲರ ಕೈಲೂ ಆಗಲ್ಲ."

ಯಾವಾಗಲೂ ತಪ್ಪು. ಆ ಮಾತನ್ನು ಅಲ್ಲಿಗೇ ಹಿಡಿದುಕೊಂಡು ಯೋಚಿಸಿದ್ದರೆ ಏನಾದರೂ ಹೊಳೆಯುತ್ತಿತ್ತೇನೋ. ನಾನು ಮಾತ್ರ ಮೂರು ದಿನ ಅದನ್ನು ಅವಮಾನವೆಂದೇ ಭಾವಿಸಿದೆ.

ತಿಂಗಳು ಮುಗಿಯಿತು. ಪರೀಕ್ಷೆಗೆ ಕರೆ ಬಂದದ್ದು ನನಗೊಬ್ಬನಿಗೇ. ಹಿಂದಿನ ದಿನ ಮನೆಯವರೆಲ್ಲ ಸೇರಿ ನನಗೆ ಸಹಾಯ ಮಾಡಿದರು. ಇಲ್ಲಿಂದಲೇ ಎಲ್ಲ ಶುರುವಾದದ್ದು.

ನನಗೆ ಮೊದಲೇ ಒಂದು ಕನ್ನಡಕವಿದೆ. ಅದರ ಮೇಲೆ ಕಪ್ಪು ಕನ್ನಡಕ ಏರಿಸಿದರೆ ಜಾರಿ ಜಾರಿ ಬೀಳುತ್ತಿತ್ತು, ಮೂಗಿನ ಮೇಲೆ ಹುಣ್ಣಾಗಿತ್ತು. "ಪಾಪ, ಮೂಗು ನೋಯುತ್ತಿದ್ದರೆ ಕಣ್ಣಿಗೆ ಏನು ಕಾಣಬೇಕು?" ಎಂದು ಅಮ್ಮ ನೊಂದುಕೊಂಡಳು. ಅಣ್ಣ ಕಪ್ಪು ಕನ್ನಡಕದ ಎರಡೂ ಕಡ್ಡಿ ಬಿಚ್ಚಿ, ತಲೆಯ ಸುತ್ತ ಬರುವ ಹಾಗೆ ಎಲಾಸ್ಟಿಕ್ ಪಟ್ಟಿ ಹೊಲಿದ. ಮೂಗು ಕೂರುವ ಕಡೆ ಹತ್ತಿ ತುಂಬಿ ಬಟ್ಟೆ ಸುತ್ತಿದ. ಒಂದು ಕಡೆ ಮಾತ್ರ ದಪ್ಪಗಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮೇಲ್ಗಡೆಯೂ ಅಷ್ಟೇ ಹತ್ತಿ ಇಟ್ಟು, ಸುತ್ತ ಅಂಚು ಹೊಲಿದು ಕೊಟ್ಟ. ಅಣ್ಣನ ಕೆಲಸ ಅಂದರೆ ಅದು. ಮೇಲು ಯಾವುದು ಕೆಳಗು ಯಾವುದು ತಿಳಿಯದಷ್ಟು ಸಮ.

ಮೇಲಿನ ಕಚೇರಿಯಿಂದ ಬಂದ ಪರೀಕ್ಷಕಿ ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಹಿಂದಿನ ಕೋಣೆಯಲ್ಲಿ ತಾವೇ ಚೀಲಗಳನ್ನು ತುಂಬಿಸಿ ತಂದಿದ್ದರು. ಗುಂಡಿಯನ್ನೂ ತಾವೇ ಒತ್ತುತ್ತೇನೆ ಎಂದರು. ಅತ್ತಿಗೆಯನ್ನು ಗೋಡೆಯ ಹತ್ತಿರ ನಿಲ್ಲಿಸಿದರು. ಸಾಹೇಬರು, ಏಣಿ, ಎಲ್ಲರೂ ಹಿಂದೆ ಗುಂಪಾಗಿ ನಿಂತರು. ಕನ್ನಡಕ ಹಾಕಿಕೊಳ್ಳುವ ಅವಸರದಲ್ಲಿ ಎಲಾಸ್ಟಿಕ್ಕು ಒಂದು ಸಲ ಕಿವಿಗೆ ಸಿಕ್ಕಿಕೊಂಡಿತು, ಒಂದು ಸಲ ಹಾರಿ ಸಾಹೇಬರ ಎದೆಗೆ ಬಡಿಯಿತು. ಅವರು ಎತ್ತಿಕೊಟ್ಟರು. ನಾನು ಹೇಗೋ ತಲೆಗೇರಿಸಿಕೊಂಡೆ.

ಮೊದಲ ಚೀಲ ಬಂತು. ಬಾವಿ ತೆರೆಯಿತು. ತಳದಲ್ಲಿ ಒಂದು ಚಮಚ. ಕಣ್ಣ ಮುಂದೆ ಸಾಲುಸಾಲು ಟ್ರಾಲಿಗಳು ಬಂದು ನಿಂತವು.

"ಚಮಚ," ಎಂದೆ. "ಅಡಿಯಲ್ಲಿ."

ಹೆಗಲು ಕುಗ್ಗಿಸಿ ಎಮ್ಮೆಗೆ ಕಾದೆ.

ಟಿಂಗ್.

"ಏನಂತೆ?" ಎಂದು ನಾನೇ ಕೇಳಿದೆ.

"ಮುಂದುವರಿಸಿ," ಅಂದರು ಪರೀಕ್ಷಕಿ.

"ಕತ್ತರಿ, ಮೇಲೆ." ಟಿಂಗ್. "ಬಾಟಲಿ, ಮೇಲೆ. ಅದರಡಿ ಏನೋ ಸುರುಳಿ, ನಡುವೆ." ಟಿಂಗ್. ಹೀಗೇ ಸಾಗಿತು. ತಂದ ಚೀಲವೆಲ್ಲ ಮುಗಿಯಿತು, ಎಮ್ಮೆ ಬಾಯಿ ಬಿಡಲೇ ಇಲ್ಲ. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು.

ಆಗ ಸಾಹೇಬರು ನನ್ನ ಮುಖ ನೋಡಿ ಬೆರಳು ಚಾಚಿದರು. "ಚುಕ್ಕೆ! ಚುಕ್ಕೆ ಕೆಳಗಿದೆ! ಇವನು ತಲೆಕೆಳಗಾಗಿ ಹಾಕಿಕೊಂಡಿದ್ದಾನೆ!"

ಮುಟ್ಟಿ ನೋಡಿಕೊಂಡೆ. ನಿಜ. ಪರೀಕ್ಷಕಿ ನನ್ನ ಕನ್ನಡಕವನ್ನು ತಾವೇ ತಿರುಗಿಸಿ, ಚುಕ್ಕೆ ಮೇಲೆ ಮಾಡಿ ಹಾಕಿಸಿ, ಚೀಲಗಳನ್ನು ಅದಲುಬದಲು ತುಂಬಿಸಿ ಮತ್ತೆ ಕಳಿಸಿದರು. ಎಮ್ಮೆ, ಎಮ್ಮೆ, ನಡುವೆ ಒಂದು ಟಿಂಗ್, ಎಮ್ಮೆ. ಚುಕ್ಕೆ ಕೆಳಗೆ ಮಾಡಿದರು. ಟಿಂಗ್, ಟಿಂಗ್.

"ಅಪರೂಪದ ಕಾಯಿಲೆ," ಅಂದರು ಸಾಹೇಬರು ಮೆಲ್ಲಗೆ. "ಇವನ ಕಣ್ಣುಗಳೇ ಅದಲುಬದಲು."

"ಹುಟ್ಟಿದಾಗಿನಿಂದ ಹಾಗೇ ಇರಬೇಕು ಪಾಪ," ಅಂದ ಏಣಿ.

ಗೋಡೆಯ ಹತ್ತಿರದಿಂದ ಅತ್ತಿಗೆಯ ದನಿ ಬಂತು. "ಇವನ ಕಣ್ಣು ಯಾಕೆ ಅದಲುಬದಲಾಗಬೇಕು? ಕನ್ನಡಕ ತಿರುಗಿಸಿದರೆ ಎಡಗಾಜು ಬಲಗಣ್ಣಿಗೆ ಬರುತ್ತೆ, ಬಲಗಾಜು ಎಡಗಣ್ಣಿಗೆ. ಆಗ ಸರಿ ಕಾಣುತ್ತೆ ಅಂದರೆ, ಯಂತ್ರವೇ ಎಡದ ಚಿತ್ರ ಬಲಕ್ಕೆ, ಬಲದ ಚಿತ್ರ ಎಡಕ್ಕೆ ಕಳಿಸ್ತಿದೆ ಅಂತ ತಾನೆ? ಹಿಂದೆ ವೈರು ಅದಲುಬದಲಾಗಿರಬಹುದು. ಇವನೊಬ್ಬನಿಗೇ ಅಲ್ಲ, ಎಲ್ಲರಿಗೂ ಉಲ್ಟಾನೇ ಕಂಡಿರಬೇಕು."

ಏಣಿ ಚಾವಣಿಯ ಕಡೆ ನೋಡಿದ, ಅವನಿಗೆ ಅದು ಹತ್ತಿರ. ಉಳಿದ ಸಾಲುಗಳ ಮೇಜಿನವರು ತಮ್ಮ ಉಗುರು ನೋಡಿಕೊಂಡರು. ಎಲ್ಲರಿಗೂ ಉಲ್ಟಾ ಕಂಡಿದ್ದರೆ ಇಡೀ ತಿಂಗಳ ಟಿಂಗ್ ಟಿಂಗ್ ಎಲ್ಲಿಂದ ಬಂತು? ಆ ಟಿಂಗ್‌ಗಳನ್ನೆಲ್ಲ ಕೂಡಿಸಿ, ಯಂತ್ರ ಬಹಳ ಯಶಸ್ವಿ ಎಂದು ಸಾಹೇಬರು ಮೇಲಿನ ಕಚೇರಿಗೆ ಆಗಲೇ ಹೇಳಿಯಾಗಿತ್ತು.

ಪರೀಕ್ಷಕಿ ನನ್ನ ಕನ್ನಡಕವನ್ನು ಕೇಳಿ ಪಡೆದು, ಒಂದು ಸಲ ಹೀಗೆ, ಒಂದು ಸಲ ಹಾಗೆ ಹಿಡಿದು ಪರದೆ ನೋಡಿದರು. ಅವರ ತುಟಿಯ ಮೂಲೆ ಸ್ವಲ್ಪ ಅಲುಗಿತು.

"ಉಳಿದವರನ್ನೂ ಈಗಲೇ ಒಂದು ಸಲ ಪರೀಕ್ಷೆ ಮಾಡೋಣವಾ?" ಎಂದು ಸಾಹೇಬರನ್ನು ಕೇಳಿದರು.

"ಮಾಡಬಹುದಿತ್ತು ಮೇಡಂ," ಅಂದರು ಸಾಹೇಬರು, ಗಡಿಯಾರ ನೋಡದೆಯೇ. "ಆದರೆ ಹಡಗಿನ ಹೊತ್ತಾಯ್ತು. ಜನ ಕಾಯ್ತಾರೆ. ಇವನ ಕಣ್ಣಿನ ತೊಂದರೆ ಅಂತಲೇ ಇಟ್ಟುಕೊಳ್ಳೋಣ. ಅಂಥವರಿಗೆ ಅನುಕೂಲ ಮಾಡಿಕೊಡೋದು ನಮ್ಮ ಧರ್ಮ."

ಹೀಗೆ ನನ್ನ ಕುರ್ಚಿ ಉಳಿಯಿತು. ಕಣ್ಣಿನ ವಿಶೇಷ ತೊಂದರೆಯಿಂದಾಗಿ ಚುಕ್ಕೆ ಕೆಳಗೆ ಮಾಡಿ ಕನ್ನಡಕ ಹಾಕಿಕೊಳ್ಳಲು ನನಗೊಬ್ಬನಿಗೆ ಅಪ್ಪಣೆಯಾಯಿತು. ಹೋಗುವ ಮೊದಲು ಪರೀಕ್ಷಕಿ ಅತ್ತಿಗೆಯ ಹತ್ತಿರ ನಿಂತು, "ಕೆಂಪು ಗುಂಡಿ ಕೆಲಸ ಮಾಡುತ್ತೆ ಅಂತ ಈ ಕಟ್ಟೆಯಲ್ಲಿ ತೋರಿಸಿದವರು ನೀವೊಬ್ಬರೇ," ಅಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಅತ್ತಿಗೆ ಇನ್ನೂ ನನ್ನನ್ನು ಕೇಳುತ್ತಾರೆ.

ಮರುದಿನ ಏಣಿ ನನ್ನ ಕುರ್ಚಿಯ ಪಕ್ಕ ಬಂದು ಬಗ್ಗಿದ. "ಡೌಟಣ್ಣ, ನಿನ್ನ ಅಣ್ಣನ ಹತ್ತಿರ ನನಗೂ ಒಂದು ಪಟ್ಟಿ ಹೊಲಿಸಿಕೊಡು. ಮೂಗು ನೋಯುತ್ತೆ."

"ಮೂಗೇ ತಾನೆ?"

"ಮೂಗೇ ಕಣೋ. ಹತ್ತಿ ಎರಡೂ ಕಡೆ ಇರಲಿ."

ವಾರದೊಳಗೆ ಎಲ್ಲರ ಮೂಗೂ ನೋಯಿತು. ಅಣ್ಣ ನಾಲ್ಕೈದು ಕನ್ನಡಕ ಹೊಲಿದ. ಎಲ್ಲರ ಚುಕ್ಕೆಯೂ ಕೆಳಗಾಯಿತು, ಯಾರೂ ಯಾರಿಗೂ ಏನೂ ಹೇಳಲಿಲ್ಲ. ಅಕ್ಕಪಕ್ಕದ ಸಾಲಿನ ಮೇಜಿನವರೂ ಈಗ ಒಂದೇ ಸಲಕ್ಕೆ ವಸ್ತು ತೆಗೆಯತೊಡಗಿದರು.

ಆಮೇಲೆ ಒಂದು ದಿನ ಕಂಪನಿಯ ಇಂಜಿನಿಯರು ಮಾಮೂಲಿ ತಪಾಸಣೆಗೆ ಬಂದ. ಪರದೆಗಳ ಹಿಂದೆ ಹೊಕ್ಕು ಏನೋ ಮಾಡಿದ, ಮುಚ್ಚಳ ಬಿಗಿದ, ಮೊಹರು ಹಾಕಿದ. "ಎಲ್ಲ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗೇ ಇತ್ತು," ಅಂದು ಟೀ ಕುಡಿದು ಹೋದ. ಅವತ್ತು ಮಧ್ಯಾಹ್ನ ನಾನು ಚುಕ್ಕೆ ಕೆಳಗಿಟ್ಟುಕೊಂಡು, "ಚಾಕು, ಮೇಲೆ," ಎಂದೆ. ಬಹಳ ದಿನದ ಮೇಲೆ ಎಮ್ಮೆ ಕೂಗಿತು.

ಆಗಿನಿಂದ ನಾನೂ ಅತ್ತಿಗೆಯೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಬೆಳಗ್ಗೆ ಜನ ಬರುವ ಮೊದಲು ಅತ್ತಿಗೆ ತಮ್ಮ ಊಟದ ಚೀಲವನ್ನು ಪಟ್ಟಿಯ ಮೇಲೆ ಬಿಡುತ್ತಾರೆ. ಅದರಲ್ಲಿ ಡಬ್ಬಿಯ ಮೇಲೆ ಒಂದು ಚಮಚ ಇರುತ್ತದೆ. ಚಮಚ ಮೇಲೆ ಕಾಣುವ ತನಕ ನಾನು ಕನ್ನಡಕ ತಿರುಗಿಸುತ್ತೇನೆ. ಏಣಿಯೂ ಉಳಿದವರೂ ಅಷ್ಟು ಹೊತ್ತು ಶೂ ಕಟ್ಟಿಕೊಳ್ಳುವ ಹಾಗೆ ಬಗ್ಗಿ, ನನ್ನ ಚುಕ್ಕೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡು, ತಮ್ಮದನ್ನೂ ಹಾಗೇ ಮಾಡಿಕೊಂಡು ಕೂರುತ್ತಾರೆ. ಸಾಹೇಬರು ಆ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾರೆ.

ಇಂಜಿನಿಯರು ಮುಚ್ಚಳದ ಹಿಂದೆ ಏನು ಮಾಡಿದ ಎಂದು ನನಗೆ ಗೊತ್ತಿಲ್ಲ. ಮೊಹರು ಒಡೆದು ನೋಡುವ ಹಕ್ಕು ನನಗಿಲ್ಲ. ಮೊದಲು ಅದಲುಬದಲಾಗಿದ್ದದ್ದು ವೈರುಗಳೋ, ಕನ್ನಡಕಗಳೋ, ಸಾಹೇಬರು ಹೇಳಿದ ಹಾಗೆ ನನ್ನ ಕಣ್ಣುಗಳೋ, ಅದನ್ನೂ ಖಂಡಿತವಾಗಿ ಹೇಳಲಾರೆ. ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು ಎಂದುಕೊಂಡು ಇನ್ನೂ ಹೋಗಿಲ್ಲ. ಆ ಒಂದು ತಿಂಗಳು ಪಕ್ಕದ ಸಾಲುಗಳಲ್ಲಿ ಟಿಂಗ್ ಎನ್ನಿಸಿಕೊಂಡು ಹೋದ ಚೀಲಗಳ ತಳದಲ್ಲಿ ಏನಿತ್ತು ಎಂಬುದು ನನಗಂತೂ ತಿಳಿಯದು. ಕೇಳಿದರೆ ಬೇರೆಯವರಿಗೂ ತಿಳಿಯದು ಎನಿಸುತ್ತದೆ.